ಹೋಗಬೇಡ ಅನ್ನದ ನಾಲ್ಕು ತಾಲ್ಲೂಕು

ತೊಂಬತ್ತರ ದಶಕದಲ್ಲಿ ನಿಮ್ಮ ಕೆಲಸವೇನು ಎಂದು ಯಾರಾದರೂ ಕೇಳಿದರೆ, ಮೇಷ್ಟ್ರುಗಳನ್ನು ಕುರ್ಚಿಯಿಂದ ಎಬ್ಬಿಸುವುದು ಅನ್ನುತ್ತಿದ್ದೆ. ಕೇಳಿದವರು ತಮಾಷೆ ಅಂದುಕೊಳ್ಳುತ್ತಿದ್ದರು. ತಮಾಷೆಯೇನೂ ಇರಲಿಲ್ಲ. ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಉಪನ್ಯಾಸಕಿಯಾಗಿದ್ದ ನನ್ನನ್ನು ಆ ದಶಕದ ಮೊದಲಲ್ಲಿ ಒಂದು ವರ್ಷ ಇಂಗ್ಲೆಂಡಿಗೆ ಕಳಿಸಿದ್ದರು. ಶಾಲೆಯಿಂದ ಹೊರಗೇ ಉಳಿದ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಒಳಗೆ ತಂದು ಉಳಿಸಿಕೊಳ್ಳುವುದು ಹೇಗೆ ಎಂದು ಕಲಿತು ಬಂದು ಇಲ್ಲಿಯವರಿಗೆ ಕಲಿಸಬೇಕಿತ್ತು. ಬಂದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಪ್ರೈಮರಿ ಶಾಲೆಗಳು ನನ್ನ ಪಾಲಿಗೆ ಬಂದವು. ಕಲಿತದ್ದರಲ್ಲಿ ಮುಖ್ಯವಾದದ್ದು ಬಹಳ ಸುಲಭದ್ದು. ಟೀಚರು ಕುರ್ಚಿ ಬಿಟ್ಟು ನೆಲಕ್ಕಿಳಿದು ಮಕ್ಕಳ ಜೊತೆ ದುಂಡಗೆ ಕೂತರೆ ಹಿಂದಿನ ಸಾಲು ಅನ್ನುವುದೇ ಇರುವುದಿಲ್ಲ. ಹಿಂದಿನ ಸಾಲಿಲ್ಲದಿದ್ದರೆ ಅಲ್ಲಿಂದ ಸದ್ದಿಲ್ಲದೆ ಜಾರಿಹೋಗುವ ಹುಡುಗಿಯರೂ ಇರುವುದಿಲ್ಲ.

ದೇವಲಾಪುರದಿಂದ ಇನ್ನೂ ಒಳಗೆ, ಹುರುಳಿ ಹೊಲಗಳ ಮಧ್ಯೆ ಒಂದು ಪುಟ್ಟ ಊರು. ಅಲ್ಲಿಯ ಶಾಲೆಗೆ ಒಬ್ಬರೇ ಟೀಚರು. ನಾಗಮಂಗಲದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಆ ಟೀಚರಮ್ಮ ನನ್ನ ಮಾತನ್ನು ಪೂರ್ತಿ ನಂಬಿದ ಮೊದಲನೆಯವರು. ತರಬೇತಿ ಮುಗಿದ ಮಾರನೆಯ ದಿನವೇ ಕುರ್ಚಿಯನ್ನು ಮೂಲೆಗೆ ಸರಿಸಿ ಮಕ್ಕಳ ನಡುವೆ ಕೂತರು. ಎಮ್ಮೆ ಮೇಯಿಸಲು ಹೋಗುತ್ತಿದ್ದ ಹುಡುಗಿಯರು ಮೊದಲು ಕಿಟಕಿಯಲ್ಲಿ ಇಣುಕಿದರು, ಆಮೇಲೆ ಬಾಗಿಲಲ್ಲಿ ನಿಂತರು, ಕೊನೆಗೆ ಒಳಗೇ ಬಂದು ಕೂರತೊಡಗಿದರು. ಅದನ್ನು ಕಣ್ಣಾರೆ ನೋಡಲು ನಾನು ಹೋದ ದಿನವೇ ಊರ ಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ಶಾಲೆಗೆ ಬಂದರು. ಜೊತೆಗಿದ್ದ ಒಬ್ಬರ ತಲೆಯ ಮೇಲೆ ಹೊಸ ಬೆತ್ತದ ಕುರ್ಚಿ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು.

“ಟೀಚರಮ್ಮೋರು ನೆಲದ್ ಮ್ಯಾಲೆ ಕುಂತ್ಕಂಡು ಪಾಠ ಮಾಡ್ತಾವ್ರೆ ಅಂತ ಊರೆಲ್ಲ ಮಾತಾಡ್ಕತಾವ್ರೆ. ಅಳೇ ಕುರ್ಚಿ ಮುರ್ದೋಗದೆ ಅಂತ ನಮಗೊಂದ್ ಮಾತು ಏಳ್ಬಾರ್ದಾಗಿತ್ತಾ?” ಎಂದು ಗೌಡರು ನಿಜವಾಗಿಯೂ ನೊಂದುಕೊಂಡು ಕೇಳಿದರು.

ನಾನು ವಿವರಿಸಿದೆ. ಕುರ್ಚಿ ಮುರಿದಿಲ್ಲ, ಬೇಕೆಂದೇ ಕೂತಿದ್ದಾರೆ, ಇದು ಹೊಸ ಪದ್ಧತಿ, ಇಂಗ್ಲೆಂಡಿನಲ್ಲೂ ಹೀಗೇ ಮಾಡುತ್ತಾರೆ. ಗೌಡರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು.

“ಅವ್ರೂರಲ್ಲಿ ಅವರು ಎಂಗಾರ ಕುಂತ್ಕಳ್ಲಿ ಮೇಡಮ್ಮೋರೆ. ನಮ್ಮೂರ್ಗೆ ಬಂದೋರ್ನ ನೆಲದ್ ಮ್ಯಾಲೆ ಕೂರ್ಸುದ್ರು ಅನ್ನೋ ಮಾತು ನಮಗ್ ಬರಬಾರ್ದು” ಎಂದರು. ಟೀಚರಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕೈಮುಗಿದು ಹೋದರು. ಮಕ್ಕಳು ಯಾರೂ ಹೇಳದೆಯೇ ಎದ್ದು ಸಾಲಾಗಿ ಕೂತವು. ಹುಡುಗಿಯರು ಹಿಂದಕ್ಕೆ ಸರಿದರು. ಗೌಡರ ತಲೆ ಮರೆಯಾದ ಮೇಲೆ ಟೀಚರಮ್ಮ ಮತ್ತೆ ಕೆಳಗಿಳಿದರೆನ್ನಿ. ಅಂದಿನಿಂದ ದಾರಿಯಲ್ಲಿ ಯಾರಾದರೂ ದೊಡ್ಡವರು ಕಂಡರೆ ಸಾಕು, ಮಕ್ಕಳೇ “ಟೀಚರ್, ಮ್ಯಾಕ್ಕೆ” ಎಂದು ಪಿಸುಗುಟ್ಟಿ ಅವರನ್ನು ಕುರ್ಚಿಗೆ ಹತ್ತಿಸುತ್ತಿದ್ದವು.

ಈ ಕತೆ ಹೇಳಿ ತರಬೇತಿಗಳಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ. ನನ್ನ ಪಾಡೂ ಅದೇ ಎಂದು ಮಾತ್ರ ಹೇಳುತ್ತಿರಲಿಲ್ಲ. ಹೊಸಹೊಳಲಿನ ಶಾಲೆಯಲ್ಲಿ ತರಬೇತಿ ನಡೆದರೆ ಮಧ್ಯಾಹ್ನ ಟೀಚರುಗಳೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತು, ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈಹಾಕಿಕೊಂಡು ಉಣ್ಣುತ್ತಿದ್ದರು. ನನಗೆ ಹೆಡ್ಮಾಸ್ಟರ ರೂಮಿನಲ್ಲಿ ಮೇಜು, ಎಲೆ, ಪಾಯಸ. ಮೇಡಂಗೆ ಗಲಾಟೆ ಆಗಬಾರದೆಂದು ಬಾಗಿಲನ್ನೂ ಎಳೆದುಕೊಂಡು ಹೋಗುತ್ತಿದ್ದರು. ಆಚೆಯಿಂದ ನಗು ಕೇಳುತ್ತಿತ್ತು. ಒಂದು ಸಲ ತಡೆಯಲಾರದೆ ಎಲೆ ಎತ್ತಿಕೊಂಡು ಹೊರಗೆ ಬಂದು ಅವರ ಜೊತೆ ಕೂತೆ. ನಗು ನಿಂತುಹೋಯಿತು. ಎಲ್ಲರೂ ತಲೆ ತಗ್ಗಿಸಿಕೊಂಡು ಬೇಗಬೇಗ ಉಂಡು ಕೈತೊಳೆಯಲು ಎದ್ದರು. ಇನ್ನೆಂದೂ ಹಾಗೆ ಮಾಡಲಿಲ್ಲ.

ಇಂಗ್ಲೆಂಡಿನಲ್ಲಿ ನಾನು ಒಂಟಿಯಾಗಿದ್ದೆ, ಚಳಿಯಲ್ಲಿ ಮೂಗು ಸೋರಿಸಿಕೊಂಡು ಅತ್ತದ್ದೂ ಉಂಟು. ಆದರೆ ಪರದೇಶದಲ್ಲಿ ಒಂಟಿಯಾಗಿರುವುದಕ್ಕೆ ಒಂದು ನ್ಯಾಯವಿದೆ. ಊರಿಗೆ ಬಂದ ಮೇಲೂ ಹಾಗೇ ಇರಬೇಕಾದರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ಯಾರೂ ಕೆಟ್ಟದ್ದು ಮಾಡಿರಲಿಲ್ಲ. ಎಲ್ಲರೂ ಮರ್ಯಾದೆ ಮಾಡುತ್ತಿದ್ದರು, ಅಷ್ಟೆ. ಪಾಂಡವಪುರದಲ್ಲಿ ಒಂದು ಮನೆಯ ಮಹಡಿಯ ಮೇಲೆ ನನ್ನ ಬಾಡಿಗೆ ರೂಮು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಸಿಹಿಗಮಟು ರೂಮಿನ ಹಾಸಿಗೆಗೂ ಹಿಡಿಯುತ್ತಿತ್ತು. ಸಂಜೆ ಬಸ್ಸಿಳಿದು ಬಂದು ಬೀಗ ತೆಗೆದರೆ, ಬೆಳಗ್ಗೆ ಕುಡಿದಿಟ್ಟ ಕಾಫಿ ಲೋಟ ಇಟ್ಟಲ್ಲೇ ಇರುತ್ತಿತ್ತು. ಯಾರಾದರೂ ಅದನ್ನು ಬೇರೆ ಕಡೆ ಸರಿಸಿಟ್ಟು ನನ್ನ ಕೈಲಿ ಬೈಸಿಕೊಳ್ಳಬಾರದೇ ಅನ್ನಿಸುತ್ತಿತ್ತು.

ಮದುವೆಯಾಗಿರಲಿಲ್ಲ. ಅದು ಹೀಗಾಗಿ ಹಾಗಾಗಿ ತಪ್ಪಿಹೋಯಿತು, ಅದರ ಕತೆ ಬೇಡ. ನನ್ನದು ಅಂತ ಇದ್ದದ್ದು ಬೂಕನಕೆರೆಯ ಅಣ್ಣನ ಮನೆ. ತಾಯಿ ತೀರಿಕೊಂಡಾಗ ನಾನು ಸಣ್ಣವಳು. ಅದೇ ವರ್ಷ ಮದುವೆಯಾಗಿ ಬಂದ ಅತ್ತಿಗೆಯೇ ನನ್ನನ್ನು ಸಾಕಿದವಳು. ಓದು ಬರದ ಹೆಂಗಸು, ಬಾಯಿ ಜೋರು. ತಲೆ ಬಾಚುವಾಗ ನಾನು ಅಲ್ಲಾಡಿದರೆ ಹಣಿಗೆಯಲ್ಲೇ ಒಂದು ಕೊಡುತ್ತಿದ್ದಳು. ಹೈಸ್ಕೂಲಿಗೆ ಕೆ.ಆರ್. ಪೇಟೆಗೆ ಕಳಿಸುವುದು ಬೇಡವೆಂದು ನೆಂಟರೆಲ್ಲ ಹೇಳಿದಾಗ, ನಾಲ್ಕು ದಿನ ಯಾರೊಂದಿಗೂ ಮಾತಾಡದೆ ಮುಖ ಊದಿಸಿಕೊಂಡಿದ್ದು ನನ್ನನ್ನು ಕಳಿಸಿದವಳೂ ಅವಳೇ. ಇಂಗ್ಲೆಂಡಿನಿಂದ ನಾನು ಬಂದದ್ದೇ ತಡ, ಆ ಅತ್ತಿಗೆ ಎಲ್ಲೋ ಮಾಯವಾದಳು. ನಡುಮನೆಯಲ್ಲಿ ನನಗೆಂದೇ ಒಂದು ಕುರ್ಚಿ, ಮುಂದೆ ಸ್ಟೂಲು, ಅದರ ಮೇಲೆ ಹೊಸ ಸ್ಟೀಲ್ ತಟ್ಟೆ. ಬಡಿಸಿ ದೂರ ನಿಲ್ಲುತ್ತಿದ್ದಳು. ಉಳಿದವರೆಲ್ಲ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಮುದ್ದೆ ಮುರಿಯುತ್ತಾ, ಜಗಳವಾಡುತ್ತಾ ಉಣ್ಣುತ್ತಿದ್ದರು. ನಾನೂ ಅಲ್ಲಿಗೇ ಬರುತ್ತೇನೆ ಅಂದರೆ, “ಒಗೆ ಕಣವ್ವ ಅಲ್ಲಿ, ನಿಮ್ಗಾಗಕಿಲ್ಲ” ಅನ್ನುತ್ತಿದ್ದಳು. ಆ ಹೊಗೆಯಲ್ಲೇ ನಾನು ಬೆಳೆದದ್ದು.

ಹೀಗಿರುವಾಗ ಒಂದು ನವೆಂಬರಿನಲ್ಲಿ ನನ್ನ ಕಚೇರಿಗೆ ಫೋನು ಬಂತು. ಇಂಗ್ಲೆಂಡಿನಲ್ಲಿ ನನಗೆ ಪಾಠ ಮಾಡಿದ್ದವರು ಮಾತಾಡಿದರು. ಆಫ್ರಿಕಾದ ನಮೀಬಿಯಾ ಎಂಬ ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವೇ ವರ್ಷವಾಗಿತ್ತು. ಬಿಳಿಯರ ಆಳ್ವಿಕೆಯಲ್ಲಿ ಒಳ್ಳೆಯ ಶಾಲೆಗಳಿಂದ ದೂರ ಇಟ್ಟಿದ್ದ ಜನರ ಮಕ್ಕಳಿಗೆಲ್ಲ ಅಲ್ಲಿ ಹಳ್ಳಿಹಳ್ಳಿಯಲ್ಲಿ ಶಾಲೆ ತೆರೆಯುತ್ತಿದ್ದಾರೆ, ಟೀಚರುಗಳನ್ನು ತಯಾರು ಮಾಡಲು ಮೂರು ವರ್ಷಕ್ಕೆ ಬರುತ್ತೀರಾ, ಎಂದು ಕೇಳಿದರು. ವರ್ಷದ ಕೊನೆಯೊಳಗೆ ಹೇಳಬೇಕಿತ್ತು. ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಇಲ್ಲಿಯದು ಅರ್ಧಕ್ಕೆ ನಿಂತಿತ್ತು. ದೇವಲಾಪುರದಾಚೆಯ ಆ ಹುಡುಗಿಯರು ನಾಲ್ಕನೇ ಕ್ಲಾಸು ಮುಗಿಸಿದರೆ ಮುಂದೇನು ಅನ್ನುವುದಕ್ಕೆ ಉತ್ತರ ಸಿಕ್ಕಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ನಲವತ್ತು ದಾಟಿತ್ತು, ಮತ್ತೆ ಪರದೇಶಿಯಾಗಲು ಹೆದರಿಕೆಯಾಗಿತ್ತು.

ಆಗ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡೆ. ಈ ನಾಲ್ಕು ತಾಲ್ಲೂಕಿನಲ್ಲಿ ಒಬ್ಬರು, ಯಾರಾದರೂ ಒಬ್ಬರು, ಹೋಗಬೇಡ ಎಂದರೆ ಉಳಿದುಬಿಡುತ್ತೇನೆ. ನಾನಾಗಿ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿ ಹೇಳಿಸಿಕೊಂಡ ಮಾತಿಗೆ ಏನು ಬೆಲೆ? ಇದು ಹಟ ಎಂದು ಗೊತ್ತಿತ್ತು, ಆದರೂ ಬಿಡಲಿಲ್ಲ.

ಫೋನಿನ ಸುದ್ದಿ ಕಚೇರಿಯ ಗೋಡೆಗಳಿಗೂ ಗೊತ್ತಾಗಿ, ವಾರದೊಳಗೆ ಪೇಪರಿನ ಜಿಲ್ಲಾ ಪುಟದಲ್ಲಿ ಸಣ್ಣ ಫೋಟೋ ಸಮೇತ ಬಂತು. ಜಿಲ್ಲೆಯ ಶಿಕ್ಷಕಿ ಆಫ್ರಿಕಾಕ್ಕೆ, ಎಂದು. ಹೋಗುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ಮೂಲೆಯ ಟೀ ಅಂಗಡಿಯವನಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರಿಗೂ ನಾನು ಹೋಗುವುದು ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಮನೆ ಒಡತಿ ಅಂದೇ ಸಂಜೆ ಮಹಡಿ ಹತ್ತಿ ಬಂದರು. ಇವರಾದರೂ ಅನ್ನಬಹುದು ಎಂದುಕೊಂಡೆ. ಎಷ್ಟೋ ವರ್ಷದ ಬಾಡಿಗೆಯವಳು ನಾನು, ಅವರ ಮಗಳ ಬಾಣಂತನದಲ್ಲಿ ಆಸ್ಪತ್ರೆಯಲ್ಲಿ ಅವರ ಜೊತೆ ಕೂತಿದ್ದವಳು. ಅವರು ಸಂತೋಷದಿಂದ ನನ್ನ ಕೈ ಹಿಡಿದುಕೊಂಡು, “ನಮ್ಮ ಮನೇಲಿದ್ದೋರು ಇಷ್ಟು ದೊಡ್ಡೋರಾಗ್ಬುಟ್ರಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ರೂಮು ಯಾವಾಗ ಖಾಲಿ ಮಾಡ್ತೀರಿ? ಕಾರ್ಖಾನೆ ಕ್ಲಾರ್ಕೊಬ್ರು ಕೇಳ್ತಾವ್ರೆ, ಒಳ್ಳೆ ಜನ” ಎಂದರು. ನೋಡೋಣ ಅಂದೆ. ಬೈಯಬೇಕೆನ್ನಿಸಿತು, ಯಾವ ಮಾತಿಗೆ ಬೈಯುವುದೋ ಹೊಳೆಯಲಿಲ್ಲ.

ಡಿಸೆಂಬರ್ ಪೂರ್ತಿ ಬಸ್ಸಿನಲ್ಲಿ ತಿರುಗಿದೆ. ತರಬೇತಿ ಒಂದು ನೆಪ. ಶ್ರೀರಂಗಪಟ್ಟಣದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ನನ್ನನ್ನು ಹೊಳೆಯ ದಂಡೆವರೆಗೆ ನಡೆಸಿಕೊಂಡು ಹೋದರು. ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಸುಮ್ಮನಿದ್ದರು. ಈಗ ಅನ್ನುತ್ತಾರೆ, ಈಗ ಅನ್ನುತ್ತಾರೆ ಎಂದು ಕಾದೆ. ಕೊನೆಗೆ ಅವರು, “ಅಲ್ಲಿ ಬಿಸಿಲು ಜಾಸ್ತಿಯಂತೆ, ಹತ್ತಿ ಸೀರೆ ತಗೊಂಡು ಹೋಗಿ” ಎಂದರು. ಹೊಸಹೊಳಲಿನಲ್ಲಿ ಟೀಚರುಗಳು ಚಪ್ಪಾಳೆ ತಟ್ಟಿದರು. ನಮಗೆಲ್ಲ ಹೆಮ್ಮೆ ಎಂದರು. ಆ ಹೆಮ್ಮೆ ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ದೇವಲಾಪುರದಾಚೆಯ ಶಾಲೆಗೆ ಹೋಗುವಾಗ ಮಾತ್ರ ನನ್ನ ಆಸೆ ಬಲವಾಗಿತ್ತು. ಟೀಚರಮ್ಮನಿಗೆ ನಾನು ಬೇಕು. ಮೇಲಿನವರು ಬಂದು ಇದೇನು ನೆಲದ ಮೇಲಿನ ಪಾಠ ಎಂದು ಗದರಿದರೆ ಅಡ್ಡ ನಿಲ್ಲುವವಳು ನಾನೊಬ್ಬಳೇ. ನಾನು ಹೋದಾಗ ಅವರು ಮಕ್ಕಳ ನಡುವೆ ಕೂತಿದ್ದರು. ಅದೇ ಮೊದಲ ಸಲ, ನನ್ನನ್ನು ಕಂಡು ಎದ್ದು ಕುರ್ಚಿಗೆ ಹೋದರು. ನನಗೂ ಮಕ್ಕಳ ಕೈಲಿ ಪಕ್ಕದ ಮನೆಯಿಂದ ಕುರ್ಚಿ ತರಿಸಿದರು. ಅವರ ಕಣ್ಣು ಕೆಂಪಗಿತ್ತು.

“ಮುಂದಿನ ವರ್ಷ ಈ ಶಾಲೆಗೆ ಐದನೇ ಕ್ಲಾಸು ಕೊಡಿ ಅಂತ ಇಲಾಖೆಯಲ್ಲಿ ಕೇಳಬೇಕಲ್ಲ?” ಎಂದೆ. ದಾರಿ ತೋರಿಸಿಕೊಡುವ ಹಾಗೆ ಕೇಳಿದೆ ಅನ್ನಿ.

“ನಾನೇ ಎಂಗೋ ಮಾಡ್ತೀನಿ ಮೇಡಂ. ನೀವು ಇದನ್ನೆಲ್ಲ ತಲೇಲಿ ಇಟ್ಕೊಬೇಡಿ. ನೆಮ್ಮದಿಯಾಗಿ ಓಗಿ ಬನ್ನಿ” ಎಂದರು.

ನೆಮ್ಮದಿಯಾಗಿ! ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟುಕೊಂಡು ಅತ್ತೆ. ಪಕ್ಕದ ಸೀಟಿನ ಹೆಂಗಸು ಯಾರು ತೀರಿಕೊಂಡರು ಎಂದು ಮೆಲ್ಲಗೆ ಕೇಳಿದಳು.

ಉಳಿದದ್ದು ಬೂಕನಕೆರೆ. ಅಣ್ಣ ಪೇಪರಿನ ತುಂಡಿಗೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದಿದ್ದ. “ನಮ್ಮಟ್ಟಿ ಎಸ್ರ ಮ್ಯಾಕ್ಕೆತ್ಬುಟ್ಟೆ ಕಣವ್ವ” ಎಂದ. ಅತ್ತಿಗೆ ಬಡಿಸಿ, ಎಂದಿನಂತೆ ದೂರ ನಿಂತಳು. ನಾನು ಬೇಕೆಂದೇ ನಿಧಾನವಾಗಿ ಉಂಡೆ. ಏನಾದರೂ ಕೇಳು, ಎಷ್ಟು ದೂರ ಅಂತಾದರೂ ಕೇಳು, ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಇನ್ನೊಂದು ಸೌಟು ಸಾರು ಹಾಕಲು ಬಗ್ಗಿದಳು, ಬಾಯಿ ತೆರೆದಳು, ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ನನ್ನನ್ನು ಸಾಕಿದವಳಿಗೇ ನಾನು ಬೇಡವಾದ ಮೇಲೆ ಇನ್ನು ಯಾರನ್ನು ಕಾಯುವುದು ಅನ್ನಿಸಿತು.

ತಿಂಗಳ ಕೊನೆಗೆ ನಾಗಮಂಗಲದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರು. ಆ ಊರಿನ ಹಿತ್ತಾಳೆ ದೀಪ, ಶಾಲು, ಹಾರ, ವೇದಿಕೆಯ ನಡುವೆ ಕೆಂಪು ಕುರ್ಚಿ. ಒಬ್ಬರಾದ ಮೇಲೆ ಒಬ್ಬರು ಎದ್ದು ನನ್ನನ್ನು ಹೊಗಳಿದರು. ಸತ್ತವರನ್ನೇ ಹಾಗೆ ಹೊಗಳುವುದು. ಸಭೆ ಮುಗಿದದ್ದೇ ಬಸ್ ಸ್ಟ್ಯಾಂಡಿನ ಪಕ್ಕದ ಎಸ್‌ಟಿಡಿ ಬೂತಿಗೆ ಹೋದೆ. ಕೊರಳಲ್ಲಿ ಹಾರ ಇನ್ನೂ ಇತ್ತು. ಫೋನು ಹಚ್ಚಿ, ಬರುತ್ತೇನೆ ಎಂದುಬಿಟ್ಟೆ. ಹಾರವನ್ನು ಬೂತಿನ ಹೊರಗೆ ನಿಂತಿದ್ದ ಹಸು ತಿಂದಿತು.

ಜನವರಿಯಲ್ಲಿ, ಸಂಕ್ರಾಂತಿ ಕಳೆದು, ಬೂಕನಕೆರೆಯಿಂದಲೇ ಹೊರಟೆ. ಪಾಂಡವಪುರಕ್ಕೆ ಹೋಗಿ, ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಬೆಂಗಳೂರು ಸೇರಬೇಕಿತ್ತು. ಅಣ್ಣ ಟ್ರಂಕನ್ನು ಸೈಕಲ್ಲಿಗೆ ಕಟ್ಟಿಕೊಂಡು ಮುಂದೆ ಹೋದ. ಅತ್ತಿಗೆ ಅಂಗೈಗೆ ಮೊಸರು ಸಕ್ಕರೆ ಹಾಕಿದಳು, ದೇವರಿಗೆ ದೀಪ ಹಚ್ಚಿದಳು, ನೀರು ತುಂಬಿದ ಕೊಡ ಹೊತ್ತ ಪಕ್ಕದ ಮನೆಯವಳನ್ನು ಎದುರಿಗೆ ಬರಮಾಡಿದಳು. ಶಾಸ್ತ್ರದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ನಾನು ಕಾಲಿಗೆ ಬಿದ್ದು ಎದ್ದೆ. ಅವಳು ಹಣೆ ಮುಟ್ಟಿದಳು. ನಾನೂ ಹೊಸ್ತಿಲು ದಾಟಿ ತಿರುಗಿ ನೋಡದೆ ನಡೆದೆ. ಬೀದಿಯ ಜನ ಜಗಲಿಗಳ ಮೇಲೆ ನಿಂತು ನೋಡುತ್ತಿದ್ದರು.

ಬೀದಿ ತಿರುಗುವ ಮೂಲೆಗೆ ಬಂದಿದ್ದೆ. ಹಿಂದಿನಿಂದ ನನ್ನ ಹೆಸರು ಕೇಳಿಸಿತು. ಬರೀ ಹೆಸರು, ಗಂಟಲು ಹರಿಯುವ ಹಾಗೆ.

ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂದು ನಮ್ಮ ಕಡೆ ಎಳೆ ಮಕ್ಕಳಿಗೂ ಗೊತ್ತು. ಎಲ್ಲಿಗೆ ಎಂದೂ ಕೇಳುವ ಹಾಗಿಲ್ಲ, ಬೇಡ ಎನ್ನುವ ಮಾತಂತೂ ನಾಲಿಗೆಗೆ ಬರಬಾರದು, ಹೊರಟವರಿಗೆ ಕೇಡು. ಜಗಲಿಯ ಮೇಲಿದ್ದ ಮುದುಕಿಯೊಬ್ಬಳು, “ಅಯ್ಯೋ, ನಿಂಗೇನ್ ಬುದ್ಧಿಗಿದ್ಧಿ ಕೆಟ್ಟದಾ? ಇಂದ್ಗಡೆಯಿಂದ ಕೂಗ್ತಿಯಲ್ಲಮ್ಮಿ” ಎಂದು ಬೈದಳು. ತಿರುಗಿ ನೋಡಿದೆ. ಅತ್ತಿಗೆ ಬೀದಿಯ ನಡುವೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕೂಗಿದ ಮೇಲೆ ಹಾಗೇ ಹೋಗುವಂತಿಲ್ಲ. ಮನೆಗೆ ವಾಪಸು ಬಂದು, ನೀರು ಕುಡಿದು, ಒಂದಷ್ಟು ಹೊತ್ತು ಕೂತು, ಮತ್ತೆ ಹೊಸದಾಗಿ ಹೊರಡಬೇಕು. ವಾಪಸು ಬಂದೆ. ಅವಳು ನನ್ನ ರಟ್ಟೆ ಹಿಡಿದು ನೇರ ಅಡುಗೆಮನೆಗೆ ಎಳೆದುಕೊಂಡು ಹೋಗಿ, ಒಲೆಯ ಮುಂದೆ ಕೂರಿಸಿ, ಚೊಂಬು ಕೈಗೆ ಕೊಟ್ಟಳು. ಹೊಗೆ ಕಣ್ಣಿಗೆ ತುಂಬಿತು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು, ಆಮೇಲೆ ಅದು ಹೋದ ಸದ್ದೂ ಕೇಳಿಸಿತು.

“ಯಾಕೆ ಕೂಗಿದೆ ಅತ್ತಿಗೆ?”

“ಯಾಕೆ ಅಂದ್ರೆ ಏನೇಳ್ಲಿ. ಓಗ್ಬ್ಯಾಡ ಅಂತ ಕೂಗ್ದೆ.”

“ಮೊದಲೇ ಒಂದು ಮಾತು ಅನ್ನಬಾರದಿತ್ತಾ?”

“ಪೇಪರ್ನಾಗೇ ಬಂದ್ಬುಟ್ಟಿತ್ತಲ್ಲಮ್ಮಿ. ನೀನಾಗ್ಲೇ ಒಂಟ್ಬುಟ್ಟಿದ್ದೆ ಅಂದ್ಕಂಡೆ. ಒಂಟೋಳ್ನ ಬ್ಯಾಡ ಅಂದು ದಾರೀಲಿ ನಿಂಗೇನಾರ ಆಗ್ಬುಟ್ರೆ? ಎರಡು ತಿಂಗ್ಳಿಂದ ಬಾಯ್ ಕಟ್ಕಂಡಿವ್ನಿ. ಇವತ್ತು ಆಗ್ನಿಲ್ಲ.”

ನನಗೆ ದೇವಲಾಪುರದಾಚೆಯ ಟೀಚರಮ್ಮನ ಕೆಂಪು ಕಣ್ಣುಗಳು ನೆನಪಾದವು, ಹೊಳೆಯ ದಂಡೆಯ ಆ ಉದ್ದನೆಯ ಮೌನವೂ. ನಾಲ್ಕು ತಾಲ್ಲೂಕಿನ ಜನ ಎರಡು ತಿಂಗಳು ಬಾಯಿ ಕಟ್ಟಿಕೊಂಡು ನನ್ನನ್ನು ಕಾಪಾಡಿದ್ದರು. ನೀನು ಹೇಳಿದ್ದರೆ ಉಳಿಯುತ್ತಿದ್ದೆ ಎಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಸಾಯುವವರೆಗೆ ಅದನ್ನೇ ಹಚ್ಚಿಕೊಂಡು ಕೊರಗುತ್ತಿದ್ದಳು. ಕೊಟ್ಟ ಮಾತು ಕೊಟ್ಟಾಗಿತ್ತು, ಅಲ್ಲಿ ಮಕ್ಕಳು ಕಾಯುತ್ತಿದ್ದವು. ಅವಳು ಮೊರದಲ್ಲಿದ್ದ ಅವರೆಕಾಯಿಯನ್ನು ನನ್ನ ಮುಂದಕ್ಕೆ ತಳ್ಳಿದಳು. ಇಬ್ಬರೂ ಬಿಡಿಸುತ್ತಾ ಕೂತೆವು. ನಾನು ಸಿಪ್ಪೆಯ ಜೊತೆ ಕಾಳನ್ನೂ ಎಸೆದೆನೆಂದು ಅವಳು ಬೈದಳು. ಮುಂದಿನ ಬಸ್ಸು ಬರುವವರೆಗೂ ಹಾಗೇ ಕೂತಿದ್ದೆವು.

ಆ ಬಸ್ಸಿಗೆ ಹೊರಟೆ. ಪ್ರಯಾಣಕ್ಕೇನೂ ಕೇಡಾಗಲಿಲ್ಲ. ಮೂರು ವರ್ಷಕ್ಕೆಂದು ಹೋದವಳು ಅಲ್ಲಿಂದ ಇನ್ನೊಂದು ದೇಶಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋದೆ. ಎಲ್ಲ ಕಡೆಯೂ ನೆಲದ ಮೇಲೆ ದುಂಡಗೆ ಕೂತು ಪಾಠ ಮಾಡಿದೆ. ಎಲ್ಲ ಕಡೆಯಿಂದಲೂ ಒಂದು ದಿನ ಹೊರಟೆ. ಒಳ್ಳೆಯ ಜನ, ನಗುನಗುತ್ತಾ ಕೈಬೀಸಿ ಕಳಿಸಿಕೊಟ್ಟರು. ಬೀದಿಯ ಮೂಲೆ ಬಂದಾಗಲೆಲ್ಲ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಹಿಂದಿನಿಂದ ಯಾರೂ ಕೂಗಲಿಲ್ಲ.